ಹಳೇ ಕಂಪ್ಯೂಟರಿನ ಹೊಟ್ಟೆಯಲ್ಲಿದ್ದ ಜೋಗುಳ

ಎಲೆ ಅಡಿಕೆ ಹಾಕುವುದು ಬಿಟ್ಟು ಬಹಳ ಕಾಲವಾಯಿತು, ಸಂಚಿ ಮಾತ್ರ ಬಿಟ್ಟಿಲ್ಲ. ನಮ್ಮ ಕಡೆಯ ಹೆಂಗಸರ ಸಂಚಿ ನೀವು ನೋಡಿಯೇ ಇರುತ್ತೀರಿ. ಕುಪ್ಪಸದ ತುಂಡು, ಧೋತರದ ಅಂಚು ಎಲ್ಲ ಸೇರಿಸಿ ಹೊಲಿದ ಚೀಲ. ಬಿಚ್ಚಿದಷ್ಟೂ ಒಳಗೊಂದು ಅರೆ. ನನ್ನದು ಅವ್ವನಿಂದ ಬಂದದ್ದು. ಅವ್ವ ಸುಣ್ಣದ ಡಬ್ಬಿ ಇಡುತ್ತಿದ್ದ ಅರೆಯಲ್ಲಿ ಈಗ ನನ್ನ ಪೆನ್‌ಡ್ರೈವ್ ಇರುತ್ತದೆ. ಯಾದಗಿರಿಯ ನಮ್ಮ ಆಫೀಸಿನಲ್ಲಿ ನಾನು ಸಂಚಿ ಬಿಚ್ಚಿದಾಗಲೆಲ್ಲ ಪಕ್ಕದ ಟೇಬಲಿನವರು, "ಮೇಡಂ, ನನಗೂ ಒಂದು ಎಲಿ ಮಡಚ್ರಿ" ಅಂತ ಕೈ ಚಾಚುತ್ತಾರೆ. ಚಾಚಲಿ ಬಿಡಿ. ಅವರ ಪೆನ್‌ಡ್ರೈವ್‌ಗಳು ತಿಂಗಳಿಗೊಮ್ಮೆ ಕಳೆಯುತ್ತವೆ, ನನ್ನದು ಕಳೆದಿಲ್ಲ.

ಇದರಿಂದ ನಾನೇನೋ ಕಂಪ್ಯೂಟರ್ ಬಲ್ಲವಳು ಅಂದುಕೊಳ್ಳಬೇಡಿ. ಆಫೀಸಿನಲ್ಲಿ ಹಾಗೆಂದು ಹೆಸರಿದೆ, ನಿಜ. ಅದು ಬಂದದ್ದು ಹೀಗೆ: ಒಮ್ಮೆ ಸಾಹೇಬರ ಕಂಪ್ಯೂಟರ್ ಕಪ್ಪಾಗಿ ಕೂತಿತ್ತು, ಎಲ್ಲರೂ ಸುತ್ತ ನಿಂತು ಚಿಂತೆ ಮಾಡುತ್ತಿದ್ದರು, ನಾನು ಕೆಳಗೆ ಬಗ್ಗಿ ಗೋಡೆಯ ಸ್ವಿಚ್ ಒತ್ತಿದೆ. ಅಂದಿನಿಂದ ನಾನು ‘ಕಂಪ್ಯೂಟರ್ ಮೇಡಂ’. ಕಸ ಗುಡಿಸುವಾಕೆಯ ಸೆರಗು ತಾಗಿ ಸ್ವಿಚ್ ಆರಿದ್ದನ್ನು ಕಂಡಿದ್ದೆ, ಅಷ್ಟೇ. ಆದರೆ ಬಂದ ಹೆಸರನ್ನು ಬೇಡ ಅನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಮೊನ್ನೆ ಸಂಚಿಯ ಅರೆಗೆ ಕೈ ಹಾಕಿದಾಗ ಸುರಪುರದ ಆ ದಿನ ನೆನಪಾಯಿತು. ಹೇಳಬೇಕಾದರೆ ಮೊದಲು ಚಿಗವ್ವನನ್ನು ಹೇಳಬೇಕು.

ಚಿಗವ್ವ ನಮ್ಮ ಅವ್ವನ ತಂಗಿ, ಸುರಪುರದ ಹತ್ತಿರದ ದೇವಾಪುರದಾಕೆ. ಸಣ್ಣವರಿದ್ದಾಗ ಸೂಟಿ ಬಿಟ್ಟರೆ ನಾನೂ ಅಣ್ಣನೂ ಅಲ್ಲಿಗೇ. ಮಾಳಿಗೆಯ ಮೇಲೆ ಮಲಗಿದವರಿಗೆ ಬೆಳಗಾಗುತ್ತಿದ್ದದ್ದು ಅವಳ ಬೀಸುವ ಹಾಡಿನಿಂದ. ಕಲ್ಲಿನ ಗರಗರ, ಜೋಳದ ಹಿಟ್ಟಿನ ಬೆಚ್ಚನೆ ವಾಸನೆ, ಅದರ ಮೇಲೆ ಅವಳ ದನಿ. ಎಂಥ ದನಿ ಅಂತೀರಿ! ಸಣ್ಣಗೆ, ನಯವಾಗಿ ಇತ್ತು ಅಂತ ಸುಳ್ಳು ಹೇಳಲಾರೆ. ಬಿಸಿಲಿಗೆ ಕಾದ ಬಂಡೆಯಂಥ ದನಿ, ಒಳಗೆ ಮಾತ್ರ ತಂಪು. ತಿಂಥಣಿಗೆ ಹೋದಾಗ ಹೊಳೆಯ ಈ ದಂಡೆಯಲ್ಲಿ ಅವಳು ಹಾಡಿದರೆ ಆ ದಂಡೆಯಲ್ಲಿ ಬಟ್ಟೆ ಒಗೆಯುವವರು ಕೈ ನಿಲ್ಲಿಸುತ್ತಾರೆ ಅಂತ ನಮ್ಮಪ್ಪ ಹೇಳುತ್ತಿದ್ದ. ಅಪ್ಪ ಯಾರನ್ನೂ ಹೊಗಳಿದವನಲ್ಲ, ಹಾಗಾಗಿ ನಂಬಬಹುದು.

ದೇವಾಪುರದಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವುದೆಂದರೆ ಮೊದಲು ಚಿಗವ್ವನಿಗೆ ಹೇಳಿ ಕಳಿಸಬೇಕು, ಆಮೇಲೆ ಬಡಿಗನಿಗೆ. ಅವಳು ಬಂದು ತೊಟ್ಟಿಲ ಹಗ್ಗ ಹಿಡಿಯದೆ ಯಾವ ಕೂಸಿಗೂ ಹೆಸರಿಟ್ಟದ್ದಿಲ್ಲ. ಗರ್ವವೂ ಇತ್ತು. ಬೇರೆ ಯಾರಾದರೂ ಮುಂದಾಗಿ ದನಿ ಎತ್ತಿದರೆ, "ಹಾಡವ್ವ ಹಾಡು, ನಾ ನೀರ ಕುಡದ ಬರ್ತೀನಿ" ಅಂತ ಎದ್ದುಬಿಡುತ್ತಿದ್ದಳು. ಮೊಬೈಲು ಬಂದ ಮೇಲೆ ಯಾರಾದರೂ ಅವಳ ಮುಂದೆ ಹಿಡಿದರೆ, "ಮುಂದಿನ ತೊಟ್ಟಲಕ್ಕೂ ನಾನ ಬರಾಕಿ. ಅದರಾಗ ಯಾಕ ತುಂಬತೀರಿ? ನಾ ಏನ್ ಸತ್ತೇನೇನು?" ಅಂತ ಗದರುತ್ತಿದ್ದಳು. ನಾವೂ ಸುಮ್ಮನಾಗುತ್ತಿದ್ದೆವು. ಮನೆಯ ಬಾವಿ ಬತ್ತುತ್ತದೆ ಅಂತ ಯಾರು ಕೊಡ ತುಂಬಿಸಿ ಇಟ್ಟುಕೊಳ್ಳುತ್ತಾರೆ?

ಬತ್ತಿತು. ಗಂಟಲಿನಲ್ಲಿ ಗಡ್ಡೆಯಾಗಿ, ದೊಡ್ಡ ದವಾಖಾನೆಯಲ್ಲಿ ತೆಗೆಸಿದರು. ಜೀವ ಉಳಿಯಿತು, ದನಿ ಹೋಯಿತು. ಪಿಸುಗುಟ್ಟುವಷ್ಟು ಉಳಿದಿದೆ, ಅದೂ ಕಿವಿ ಹತ್ತಿರ ಒಯ್ದರೆ. ಅದಾದ ಮೇಲೆ ಬಂದ ಮೊದಲ ತೊಟ್ಟಿಲು ಅವಳ ಸ್ವಂತ ಮೊಮ್ಮಗಳು ರೇಣುಕಾಳ ಕೂಸಿನದು. ಚಿಗವ್ವನ ಮಗಳನ್ನು ಊರೊಳಗೇ ಕೊಟ್ಟಿದ್ದರು. ಆ ಮಗಳ ಮಗಳು ರೇಣುಕಾ. ಊರಿನ ಕೂಸುಗಳಿಗೆಲ್ಲ ಹಾಡಿದಾಕೆಗೆ ತನ್ನ ಮರಿಮೊಮ್ಮಗಳಿಗೆ ಹಾಡಲು ದನಿಯಿಲ್ಲ. ಮಾತಾಡಿಸಲು ಹೋಗಿದ್ದ ನನ್ನನ್ನು ಹತ್ತಿರ ಎಳೆದು ಕಿವಿಯಲ್ಲಿ ಅಂದಳು:

"ನಿಮ್ಮಣ್ಣ ಒಂದ ಸಲ ನನ್ನ ಹಾಡು ಡಬ್ಬಿಯಾಗ ತುಂಬಿದ್ದಲ್ಲ. ಅದನ್ನ ತರಾಕ ಹೇಳು. ಕೂಸಿಗೆ ನನ್ನ ಹಾಡು ಕೇಳಸಬೇಕು."

ಜೀವಮಾನದಲ್ಲಿ ಅವಳು ನನ್ನಿಂದ ಬೇಡಿದ್ದು ಅದೊಂದೇ. ಮನೆಗೆ ಬರುವಾಗ ಬಸ್ಸು ಶಹಾಪುರ ಮುಟ್ಟುವ ಮೊದಲೇ ಅಣ್ಣನಿಗೆ ಫೋನು ಹಚ್ಚಿದೆ.

ಡಬ್ಬಿ ಎಂದರೆ ಅಣ್ಣನ ಹಳೇ ಕಂಪ್ಯೂಟರ್. ಅಣ್ಣನಿಗೆ ಸುರಪುರದಲ್ಲಿ ಒಂದು ಅಂಗಡಿ ಇದೆ, ಅದರ ಹಿಂದೆಯೇ ಮನೆ. ಈಗ ಝೆರಾಕ್ಸು, ಬರೆಯುವ ಪಟ್ಟಿ, ಪೆನ್ನು. ಆಗ ಬರೀ ಕಂಪ್ಯೂಟರ್ ಟೈಪಿಂಗ್. ಕಂಪ್ಯೂಟರ್ ಇರುವ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಾಗಿದ್ದ ಕಾಲ ಅದು. ಅಣ್ಣ ಹೊಸದಾಗಿ ಯಂತ್ರ ತಂದ ಹುಮ್ಮಸ್ಸಿನಲ್ಲಿ ಕಂಡದ್ದನ್ನೆಲ್ಲ ಅದರೊಳಗೆ ತುಂಬಿದ್ದ. ಯಾವುದೋ ತೊಟ್ಟಿಲ ಕಾರ್ಯದಲ್ಲಿ ಚಿಗವ್ವನಿಗೆ ಗೊತ್ತಾಗದಂತೆ ಟೇಪಿನಲ್ಲಿ ಹಿಡಿದ ಹಾಡನ್ನೂ ವಯರು ಜೋಡಿಸಿ ಇಳಿಸಿದ್ದ; ಆಮೇಲೆ ಅವಳಿಗೆ ಗೊತ್ತಾಗಿ ಬೈಸಿಕೊಂಡೂ ಇದ್ದ. ಅದು ಯಾರ ತೊಟ್ಟಿಲು ಅಂತ ಅವನಿಗೂ ನೆನಪಿಲ್ಲ, ಅವಳು ಹಾಡಿದ ತೊಟ್ಟಿಲು ಒಂದೆರಡೇ? ಟೇಪನ್ನು ಮುಂದೊಂದು ದಿನ ರೆಕಾರ್ಡರೇ ನುಂಗಿತು. ಉಳಿದದ್ದು ಕಂಪ್ಯೂಟರಿನ ಹೊಟ್ಟೆಯಲ್ಲಿದ್ದದ್ದು ಮಾತ್ರ. ಅದು ಇಂಟರ್ನೆಟ್ಟು ಕಾಣದ, ಸಿ.ಡಿ. ಬರೆಯಲು ಬಾರದ ಯಂತ್ರ. ಫ್ಲಾಪಿಯಲ್ಲಿ ಹಾಡು ಹಿಡಿಸುವುದಿಲ್ಲ. ಸ್ಪೀಕರ್ ಯಾವತ್ತೋ ಸತ್ತಿತ್ತು. ಹಾಡು ಹೊರಗೆ ಬರಬೇಕಾದರೆ ಪೆನ್‌ಡ್ರೈವ್ ಒಂದೇ ದಾರಿ.

"ಹಾರ್ಡ್ ಡಿಸ್ಕ್ ಬಿಚ್ಚಿಸಿ ಯಾದಗಿರಿಗೆ ಒಯ್ಯೋಣೇನು?" ಅಂತ ಫೋನಿನಲ್ಲಿ ಕೇಳಿದೆ.

"ವಯಸ್ಸಾದಾಕಿ ಹೊಟ್ಟಿ ಕೊಯ್ಯೂದು ಬ್ಯಾಡವಾ. ಎದ್ದ ಕುಂದ್ರತಾಳ, ನೋಡೂನು" ಅಂದ ಅಣ್ಣ. ಅವನ ಪಾಲಿಗೆ ಕಂಪ್ಯೂಟರ್ ಹೆಣ್ಣು.

ತೊಟ್ಟಿಲಿನ ಹಿಂದಿನ ದಿನ ಬೆಳಿಗ್ಗೆ ಸಂಚಿಯಲ್ಲಿ ಪೆನ್‌ಡ್ರೈವ್ ಇಟ್ಟುಕೊಂಡು ಸುರಪುರದ ಬಸ್ಸು ಹತ್ತಿದೆ. ಆಫೀಸಿನ ಹೆಸರು ಕಾಯುವುದಿತ್ತಲ್ಲ. ಐದು ನಿಮಿಷದ ಕೆಲಸ, ಊಟದ ಹೊತ್ತಿಗೆ ವಾಪಸ್ಸು ಅಂತ ಮನೆಯಲ್ಲಿ ಹೇಳಿ ಬಂದಿದ್ದೆ. ಕಂಪ್ಯೂಟರ್ ಅಂಗಡಿಯ ಒಳಕೋಣೆಯಲ್ಲಿ ಕಸೂತಿ ಹಾಕಿದ ಬಟ್ಟೆ ಹೊದ್ದು ಕೂತಿತ್ತು. ಕಸೂತಿ ವೈನಿಯದು, ಅಂದರೆ ಅಣ್ಣನ ಹೆಂಡತಿಯದು. ಅಣ್ಣ ಬಟ್ಟೆ ತೆಗೆದು, ಧೂಳು ಊದಿ, ಕೈ ಮುಗಿದು ಗುಂಡಿ ಒತ್ತಿದ. ಒಳಗೆ ಏನೋ ಟಕಟಕ ಅಂತು, ಹಿಟ್ಟಿನ ಗಿರಣಿ ಶುರುವಾದಂತೆ ಫ್ಯಾನು ಗುಂಯ್‌ಗುಟ್ಟಿತು. ನಿಧಾನವಾಗಿ, ಬಹಳ ನಿಧಾನವಾಗಿ, ಪರದೆಯ ಮೇಲೆ ಬೆಳಕು ಬಂತು. ಎಷ್ಟು ವರ್ಷ ಮಲಗಿದ್ದ ಯಂತ್ರ ನೋಡಿ! ನನ್ನ ಹೊಸ ಮೊಬೈಲು ಒಂದು ಸಲ ಕೆಳಗೆ ಬಿದ್ದದ್ದಕ್ಕೇ ಮಾತು ಬಿಟ್ಟಿತ್ತು.

ಮುಂದುಗಡೆ ಇದ್ದ ಜೋಡಿ ತೂತಿನಲ್ಲಿ ಒಂದಕ್ಕೆ ನನ್ನ ಪೆನ್‌ಡ್ರೈವ್ ಚುಚ್ಚಿದೆ. ದೀಪ ಹತ್ತಲಿಲ್ಲ. ಇನ್ನೊಂದಕ್ಕೆ ಚುಚ್ಚಿದೆ. ಅದೂ ಇಲ್ಲ. ತಿರುವಿ ಚುಚ್ಚಿದೆ, ಒಳಗೇ ಹೋಗಲಿಲ್ಲ. ಹಿಂಭಾಗದ ತೂತುಗಳಲ್ಲಿ ಕುಂಬಾರ ಹುಳ ಮಣ್ಣಿನ ಮನೆ ಕಟ್ಟಿ ಬಿಟ್ಟುಹೋಗಿತ್ತು. ಕಂಪ್ಯೂಟರ್ ಮೇಡಂ ಕೈಯಲ್ಲಿದ್ದ ವಿದ್ಯೆ ಅಲ್ಲಿಗೆ ಮುಗಿಯಿತು. ಗೋಡೆಯ ಸ್ವಿಚ್ ನೋಡಿದೆ, ಅದು ಸರಿಯಾಗಿಯೇ ಇತ್ತು.

ಪೆನ್‌ಡ್ರೈವ್ ಹೊರಗೆಳೆದರೆ ಅದರ ಮೂತಿ ಕೆಂಪಗಾಗಿತ್ತು. ಮೂಸಿದೆ. ಕುಂಕುಮ.

ನಮ್ಮಲ್ಲಿ ಮಾನೌಮಿಗೆ ಆಯುಧ ಪೂಜೆ ಎಂದರೆ ಕುಡಗೋಲಿನಿಂದ ಹಿಡಿದು ಮಿಕ್ಸಿಯವರೆಗೆ ಯಾವುದಕ್ಕೂ ಬಿಡುಗಡೆ ಇಲ್ಲ. ವೈನಿ ವರ್ಷ ತಪ್ಪದೆ ಕಂಪ್ಯೂಟರಿಗೂ ವಿಭೂತಿ ಎಳೆದು ಕುಂಕುಮ ಇಡುತ್ತಾ ಬಂದಿದ್ದಾರೆ. ಅಣ್ಣ ಅದನ್ನು ಮೂಲೆಗೆ ತಳ್ಳಿದರೂ ಅವರು ಪೂಜೆ ನಿಲ್ಲಿಸಿಲ್ಲ. ಎಲ್ಲಿ ಇಡಬೇಕೋ ಹುಡುಕಿ, ಆ ಜೋಡಿ ತೂತಿಗೇ ಸರಿಯಾಗಿ ಇಟ್ಟಿದ್ದಾರೆ. ಒದ್ದೆ ಬೆರಳಿನ ವಿಭೂತಿ, ಮೇಲೆ ಕುಂಕುಮ, ಮುಂದಿನ ವರ್ಷ ಮತ್ತೊಂದು ಪದರ. ಕಲ್ಲಿನಂತೆ ಗಟ್ಟಿಯಾಗಿತ್ತು.

"ಏನ ಮಾಡೀಯಲೇ ಇದು! ಅದರ ಕಣ್ಣಾಗ ಕುಂಕುಮ ತುಂಬೀಯಲ್ಲ" ಅಂತ ಅಣ್ಣ ಕೂಗಿದ.

ವೈನಿ ಸೆರಗಿಗೆ ಕೈ ಒರೆಸುತ್ತಾ ಒಳಗಿನಿಂದ ಬಂದರು. "ಹಣಿಗೆ ಹಚ್ಚಬೇಕಂದ್ರ ಇದಕ್ಕ ಹಣಿ ಎಲ್ಲೈತ್ರಿ? ನೀವಽ ತೋರಸ್ರಿ, ಮುಂದಿನ ಸಲ ಅಲ್ಲೇ ಹಚ್ತೀನಿ" ಅಂದರು.

ಅಣ್ಣ ಯಂತ್ರವನ್ನು ಹಿಂದೆ ಮುಂದೆ ನೋಡಿದ. ಹಣೆ ಸಿಗಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ, ಆಮೇಲೆ ಅವನಿಗೂ. ಹೇಳಬೇಕಾದ ಮಾತೆಂದರೆ, ಊರೆಲ್ಲ ಹಳೇ ಕಂಪ್ಯೂಟರುಗಳು ಗುಜರಿಗೆ ಹೋದರೂ ಇದು ಮನೆಯಲ್ಲಿ ಉಳಿದದ್ದು ಆ ಕುಂಕುಮದಿಂದಲೇ. ಪೂಜೆ ಮಾಡಿದ್ದನ್ನು ಗುಜರಿಯವನಿಗೆ ಹೇಗೆ ಕೊಡುವುದು ಅಂತ ವೈನಿ ಪ್ರತಿ ಸಲ ಅಡ್ಡ ನಿಂತಿದ್ದರು. ತೂತು ಮುಚ್ಚಿದವರೂ ಅವರೇ, ಹಾಡು ಕಾಯ್ದವರೂ ಅವರೇ.

ಯಂತ್ರ ಬಂದ್ ಮಾಡಿ, ಹಲ್ಲುಜ್ಜುವ ಹಳೇ ಬ್ರಶ್ಶು, ಸೂಜಿ, ಸ್ಪಿರಿಟ್ಟಿನಲ್ಲಿ ಅದ್ದಿದ ಅರಳೆ ಹಿಡಿದು ಮೂವರೂ ಕೂತೆವು. ಅಣ್ಣ ಸೂಜಿಯಿಂದ ಕೆದರುವುದು, ವೈನಿ ಟಾರ್ಚ್ ಹಿಡಿಯುವುದು, ನಾನು ಊದುವುದು. ಅಣ್ಣನ ಸಹನೆ ನೋಡಿ ಬೆರಗಾದೆ. ಸಣ್ಣವನಿದ್ದಾಗ ರೇಡಿಯೋ ಬಿಚ್ಚಿ ಅಪ್ಪನಿಂದ ಏಟು ತಿಂದು, ಅಳುತ್ತಲೇ ಮತ್ತೆ ಜೋಡಿಸಿದವನು ಅವನು. ಜೋಡಿಸಿದ ಮೇಲೆ ಒಂದು ಸ್ಕ್ರೂ ಉಳಿದಿತ್ತು, ರೇಡಿಯೋ ಮೊದಲಿಗಿಂತ ಚೆನ್ನಾಗಿ ಹಾಡಿತ್ತು.

ಮತ್ತೆ ಚುಚ್ಚಿದಾಗ ದೀಪ ಹತ್ತಿತು! ಮೂವರೂ ಒಟ್ಟಿಗೆ "ಹತ್ತಿತು" ಅಂದೆವು. ಆದರೆ ದೀಪ ಹತ್ತುವುದು ಬೇರೆ, ಗುರುತು ಹಿಡಿಯುವುದು ಬೇರೆ. ಹೊಸದೇನೋ ಬಂದಿದೆ, ಇದು ಯಾರು ಅಂತ ತಿಳಿಯದು, ಇದರ ಗುರುತು ಹೇಳುವ ಡ್ರೈವರ್ ಎಂಬ ತಂತ್ರಾಂಶ ಕೊಡಿ ಅಂತ ಪರದೆಯ ಮೇಲೆ ಬಂತು. ಈಗಿನ ಯಂತ್ರಗಳು ಯಾರೇ ಬಂದರೂ ಬಾ ಅನ್ನುತ್ತವೆ. ಇದು ಹಳೆಯ ಕಾಲದ್ದು. ಸುರಪುರದ ಬಸ್ಸಿನಲ್ಲಿ ಪಕ್ಕ ಕೂತ ಮುದುಕಿಯರು "ಯಾರ ಪೈಕಿ ನೀ? ತವರಮನಿ ಯಾವೂರು? ದೇವಾಪುರದಾಗ ಯಾರ ಮನಿ?" ಅಂತ ಕೇಳುತ್ತಾ ಹೋಗಿ, ಕೊನೆಗೆ ಒಂದು ಗುರುತು ಸಿಕ್ಕ ಮೇಲೆಯೇ ಶೇಂಗಾ ಮುಂದೆ ಚಾಚುತ್ತಾರಲ್ಲ, ಹಾಗೆ. ನನಗೆ ಆ ಮುದುಕಿಯರ ಮೇಲೂ ಈ ಯಂತ್ರದ ಮೇಲೂ ಗೌರವವೇ. ಗುರುತು ಕೇಳುವವರು ಗುರುತು ಸಿಕ್ಕ ಮೇಲೆ ಕೈ ಬಿಡುವುದಿಲ್ಲ.

ಡ್ರೈವರಿನ ಸಿ.ಡಿ. ಅಣ್ಣನ ಹತ್ತಿರ ಇತ್ತು. ಅವನ ಮೊದಲ ಪೆನ್‌ಡ್ರೈವಿನ ಜೊತೆ ಬಂದದ್ದು. ಅಂಥವನ್ನೆಲ್ಲ ಅವನು ಬಿಸ್ಕಿಟ್ ಡಬ್ಬಿಯಲ್ಲಿ ಇಟ್ಟಿರುತ್ತಾನೆ. ಆದರೆ ಸಿ.ಡಿ. ಹಾಕುವ ತಟ್ಟೆ ಹೊರಗೆ ಬರಲಿಲ್ಲ. ಅದಕ್ಕೊಂದು ಸೂಜಿಗಣ್ಣಿನಂಥ ತೂತು ಇರುತ್ತದೆ, ಅಲ್ಲಿ ಚುಚ್ಚಿದರೆ ತಟ್ಟೆ ತೆರೆಯುತ್ತದೆ. ಸೂಜಿ ಗಿಡ್ಡವಾಯಿತು. ನಾನು ತುರುಬಿನಿಂದ ಪಿನ್ನು ಕಿತ್ತು, ನೆಟ್ಟಗೆ ಮಾಡಿ ಕೊಟ್ಟೆ. ಚುಚ್ಚಿದ ಕೂಡಲೇ ತಟ್ಟೆ ನಾಲಿಗೆಯಂತೆ ಹೊರಬಂತು. ಆ ದಿನದ ಕೆಲಸದಲ್ಲಿ ನನ್ನ ಪಾಲು ಅದೊಂದು ಹೇರ್‌ಪಿನ್ನು, ಆಫೀಸಿನಲ್ಲಿ ಹೇಳುವಾಗ ಮಾತ್ರ ಸ್ವಲ್ಪ ಹೆಚ್ಚಿಗೆ ಹೇಳಿದ್ದೇನೆ.

ಡ್ರೈವರ್ ಇಳಿಯಿತು, ಯಂತ್ರ ಆರಿ ಎದ್ದಿತು, ಪೆನ್‌ಡ್ರೈವ್ ಕಂಡಿತು. ಒತ್ತಿದರೆ, ಇದರೊಳಗೆ ಏನೂ ಓದಲಾಗದು, ಫಾರ್ಮ್ಯಾಟ್ ಮಾಡಿ ಎಲ್ಲ ಅಳಿಸಲೇ ಎಂಬ ಪ್ರಶ್ನೆ. ಅದರಲ್ಲಿ ಆಫೀಸಿನ ಕಡತಗಳೆಲ್ಲ ಇದ್ದವು.

"ಬ್ಯಾಡ ಅನ್ನು, ಬ್ಯಾಡ ಅನ್ನು!" ಅಂತ ಅಣ್ಣನ ಕೈ ಹಿಡಿದೆ.

"ತಡಿ ತಂಗಿ. ನಿನ್ನದು ಬಾಳ ದೊಡ್ಡದೈತಿ, ಹೊಸಾ ನಮೂನಿದು. ಇದರ ಕಾಲದಾಗ ಅಂಥಾವು ಹುಟ್ಟೇ ಇರಲಿಲ್ಲ. ಸಣ್ಣದೊಂದು ಹಳೇದು ಬೇಕಾಗತದ" ಅಂದ ಅಣ್ಣ. ಆಮೇಲೆ ತಲೆ ಕೆರೆದುಕೊಂಡ. "ನಂದೊಂದಿತ್ತು. ಎಲ್ಲಿ ಹೋತೋ ಮಾಲೂಮಿಲ್ಲ."

ಅಷ್ಟು ಹಳೆಯದನ್ನು ಸುರಪುರದ ಅಂಗಡಿಗಳಲ್ಲಿ ಕೇಳಿದರೆ ನಗುತ್ತಾರೆ. ಊಟ ತಣ್ಣಗಾಗಿ ಹೋಗಿತ್ತು. ದೇವಾಪುರದಿಂದ ಚಿಗವ್ವನ ಮಗಳ ಫೋನು ಬಂತು. "ಅವ್ವ ಬಾಗಲಾಗ ಕುಂತಾಳಕ್ಕ. ಹಾಡು ಸಿಕ್ತೇನಂತ ಕೈ ಮಾಡಿ ಕೇಳಾಕತ್ತಾಳ. ಏನ ಹೇಳ್ಲಿ?" ಅಣ್ಣ ಫೋನು ಕಸಿದುಕೊಂಡು, "ಸಿಕ್ಕೈತಂತ ಹೇಳು" ಅಂದುಬಿಟ್ಟ. ಕೈಯಲ್ಲಿ ಇನ್ನೂ ಏನೂ ಇರಲಿಲ್ಲ. ಆ ಧೈರ್ಯಕ್ಕೆ ಏನನ್ನಬೇಕೋ ನನಗೆ ಈಗಲೂ ಗೊತ್ತಿಲ್ಲ.

ವೈನಿ ಎದ್ದು ಒಳಗೆ ಹೋದರು. ಬೀರುವಿನ ಕೀಲಿ ಗೊಂಚಲು ತಂದು ಅಣ್ಣನ ಮುಂದೆ ಹಿಡಿದರು. "ಇದೇನ ನೋಡ್ರಿ. ತೂತು ಚಲೋ ಐತಂತ ಕೀಲಿ ಪೋಣಿಸಿದ್ದೆ." ಗೊಂಚಲಿನಲ್ಲಿ, ಸವೆದು ಬಣ್ಣಗೆಟ್ಟು, ಅಣ್ಣನ ಮೊದಲ ಪೆನ್‌ಡ್ರೈವ್ ತೂಗುತ್ತಿತ್ತು. ಅಣ್ಣ ಅದನ್ನು ಕಣ್ಣಿಗೆ ಒತ್ತಿಕೊಂಡ.

ಕೀಲಿಗಳ ಸಮೇತ ಚುಚ್ಚಿದ. ಯಂತ್ರ ತುಸು ಹೊತ್ತು ಯೋಚಿಸಿತು. ಆಮೇಲೆ ಯಾವ ತಕರಾರೂ ಇಲ್ಲದೆ, ಬಹಳ ದಿನದ ಮೇಲೆ ಬಂದ ಮನೆಮಗಳನ್ನು ಒಳಗೆ ಕರೆದಂತೆ, ತೆರೆದುಕೊಂಡಿತು. ಹಾಡು ಇಳಿಯತೊಡಗಿತು. ನೀಲಿ ಪಟ್ಟಿ ಇರುವೆಯಂತೆ ಮುಂದೆ ಸರಿಯಿತು. ಇನ್ನೇನು ಮುಗಿಯಬೇಕು, ಕರೆಂಟು ಹೋಯಿತು.

ಹಳೇ ಯಂತ್ರ ಹೀಗೆ ಧಡಕ್ಕನೆ ಆರಿದರೆ ಮತ್ತೆ ಏಳುತ್ತದೆಂಬ ಭರವಸೆ ಇಲ್ಲ ಅಂತ ಅಣ್ಣನಿಗೂ ಗೊತ್ತು, ನನಗೂ ಗೊತ್ತು. ಅವನು ಎದ್ದು ಹೊರಗೆ ಹೋಗಲು ನೋಡಿದ. ವೈನಿ ತೋಳು ಹಿಡಿದು ಕೂಡಿಸಿ, "ಸಬೂರ ಮಾಡ್ರಿ. ಇಷ್ಟು ವರ್ಷ ಇಟ್ಟಗೊಂಡಾಕಿ ಇವತ್ತ ಕೈ ಬಿಡ್ತಾಳೇನು?" ಅಂದರು. ಚಾ ಮಾಡಿ ತಂದರು. ಕುಡಿದ ಕಪ್ಪು ಕೆಳಗಿಡುವ ಹೊತ್ತಿಗೆ ಕರೆಂಟು ಬಂತು. ಅಣ್ಣ ಗುಂಡಿ ಒತ್ತಿದ. ಟಕಟಕ, ಗುಂಯ್. ನೀಲಿ ಪರದೆಯ ಮೇಲೆ ತನ್ನನ್ನು ತಾನೇ ಮೈಯೆಲ್ಲ ತಪಾಸಣೆ ಮಾಡಿಕೊಂಡು ಎದ್ದು ಕೂತಿತು. ಮತ್ತೆ ಹಾಡು ಇಳಿಸಿದೆವು. ಈ ಸಲ ಪೂರ್ತಿ ಇಳಿಯಿತು.

ಅಂಗಡಿಯ ಹೊಸ ಕಂಪ್ಯೂಟರಿಗೆ ಹಾಕಿ ಒಂದಿಷ್ಟು ಕೇಳಿ ನೋಡಿದೆವು. ಮೊದಲು ಸರಸರ ಸದ್ದು. ಆಮೇಲೆ ಬಳೆಗಳ ಸದ್ದು. ಆಮೇಲೆ ತಿಂಥಣಿಯ ದೇವರಾದ ಮೌನಪ್ಪನನ್ನು ನೆನೆದು ಎತ್ತಿದ ಆ ದನಿ. ಅಂಗಡಿಗೆ ಪೆನ್ನು ಕೊಳ್ಳಲು ಬಂದವರು ಕೈಯಲ್ಲಿ ಪೆನ್ನು ಹಿಡಿದು ನಿಂತೇ ಇದ್ದರು. ಅಣ್ಣ ತಟ್ಟನೆ ನಿಲ್ಲಿಸಿದ. "ಮುಂದಿಂದು ಚಿಗವ್ವ ಮೊದಲ ಕೇಳ್ಲಿ" ಅಂದ. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ, ನಾಚಿಕೆಯೇನೂ ಆಗಲಿಲ್ಲ.

ಮರುದಿನ ದೇವಾಪುರದಲ್ಲಿ ಪಡಸಾಲೆಯ ತುಂಬ ಹೆಂಗಸರು. ರೇಣುಕಾ ತಲೆಗೆ ಬಾಣಂತಿ ಬಟ್ಟೆ ಬಿಗಿದುಕೊಂಡು ಕೂತಿದ್ದಳು, ಇನ್ನೂ ಹುಡುಗಿಯಂತೆಯೇ ಕಾಣುವವಳು. ಕೂಸಿನ ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಕಿವಿಯಲ್ಲಿ ‘ಕುರ್ರ್’ ಅಂತ ಊದಿ, ‘ಸಾನ್ವಿ’ ಅಂತ ಹೆಸರು ಹೇಳಿದಳು; ಉಳಿದವರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು. ಚಿಗವ್ವ ತೊಟ್ಟಿಲ ಹಗ್ಗ ಹಿಡಿದು ಅಣ್ಣನ ಕಡೆ ನೋಡಿದಳು. ಅವನು ಕೀಲಿ ಗೊಂಚಲಿನ ಸಮೇತ ಪೆನ್‌ಡ್ರೈವನ್ನು ಸ್ಪೀಕರ್ ಡಬ್ಬಿಗೆ ಚುಚ್ಚಿದ.

ಬಳೆಯ ಸದ್ದು. ಮೌನಪ್ಪನ ಸ್ಮರಣೆ. ಚಿಗವ್ವನ ಮುಖದಲ್ಲಿ ಏನೂ ಕದಲಲಿಲ್ಲ, ತುಟಿಗಳು ಮಾತ್ರ ಹಾಡಿನ ಜೊತೆ ಆಡುತ್ತಿದ್ದವು. ದೇವರ ನುಡಿ ಮುಗಿದು ಜೋಗುಳ ಬಂತು:

ಹೊಳಿಯ ಮ್ಯಾಗಿನ ಗಾಳಿ ಹೊಸಲೀಗಿ ಬಂದೈತಿ
ಎಳಿಯ ಕಣ್ಣೀಗಿ ನಿದ್ದಿ ತಂದೈತಿ ನನ ಕಂದ
ರೇಣವ್ವ ಮಲಗ ಜೋ ಜೋ

ಹೆಂಗಸರಲ್ಲಿ ಗುಸುಗುಸು ಎದ್ದಿತು. "ಅಯ್ಯ ಶಿವನ! ಹೆಸರು ಬ್ಯಾರೆ ಬಂತಲ್ಲ. ಹೆಸರಿಟ್ಟ ದಿನಾನ ಕೂಸಿಗೆ ಬ್ಯಾರೆ ಹೆಸರು ಕೇಳಸಬಾರದ್ರೆವ್ವಾ, ಬಂದ್ ಮಾಡ್ರಿ" ಅಂದಳು ಸೋದರತ್ತೆ. ಆಗ ನಮಗೆ ಹೊಳೆಯಿತು. ಅಣ್ಣ ಟೇಪು ಹಿಡಿದದ್ದು ರೇಣುಕಾಳ ತೊಟ್ಟಿಲಿನಲ್ಲಿ, ಅವಳು ಈ ಕೂಸಿನಷ್ಟಿದ್ದಾಗ. ಅಣ್ಣ ಗಾಬರಿಯಾಗಿ ಡಬ್ಬಿಯ ಕಡೆ ಓಡಿದ.

ಚಿಗವ್ವ ಕೈ ಎತ್ತಿ ತಡೆದಳು. ಅವಳು ನೋಡುತ್ತಿದ್ದದ್ದು ರೇಣುಕಾಳನ್ನು. ಆ ಹುಡುಗಿ ಕಣ್ಣು ಅಗಲಿಸಿ, ಬಾಯಿ ತೆರೆದು, ತನ್ನನ್ನು ಮಲಗಿಸುತ್ತಿದ್ದ ಆ ದನಿಯನ್ನು ಕೇಳುತ್ತಿದ್ದಳು. ಹಾಡು ಎರಡನೆಯ ನುಡಿಗೆ ಹೋಯಿತು, ಮತ್ತೆ ‘ರೇಣವ್ವ’ ಬಂತು. ಅವಳು ಅಜ್ಜಿಯ ತೊಡೆಗೆ ತಲೆ ಒತ್ತಿ ಬಿಕ್ಕಿದಳು. ಚಿಗವ್ವ ಒಂದು ಕೈಯಲ್ಲಿ ಹಗ್ಗ, ಒಂದು ಕೈಯಲ್ಲಿ ಮೊಮ್ಮಗಳ ತಲೆ ಹಿಡಿದು ಕೂತಳು. ಗುಸುಗುಸು ನಿಂತುಹೋಯಿತು.

ಮೂರನೆಯ ನುಡಿಗೆ ರೇಣುಕಾ ತಲೆ ಎತ್ತಿದಳು. ಅಜ್ಜಿಯ ಕೈಯಿಂದ ಹಗ್ಗ ತೆಗೆದುಕೊಂಡಳು. ಹಾಡು ಅಂದರೆ ಮೊಬೈಲಿನಲ್ಲಿ ಹಾಕಿಬಿಡುವ ಹುಡುಗಿ, ಅವಳು ಹಾಡಿದ್ದನ್ನು ನಾವ್ಯಾರೂ ಕೇಳಿದವರಲ್ಲ. ಡಬ್ಬಿಯೊಳಗಿನ ದನಿಯ ಹಿಂದೆ ಹಿಂದೆ, ಅಳು ಬೆರೆತ, ಒರಟು ಒರಟಾದ ದನಿಯಲ್ಲಿ ಎತ್ತಿದಳು. ಹೆಸರು ಬರುವ ಕಡೆ ಡಬ್ಬಿ ‘ರೇಣವ್ವ’ ಅಂದರೆ ಇವಳು ‘ಸಾನವ್ವ’ ಅಂದಳು. ‘ಸಾನವ್ವ ಮಲಗ ಜೋ ಜೋ.’ ಅದೇ ಬಂಡೆ, ಅದೇ ತಂಪು. ಹೆಂಗಸರು ಒಬ್ಬೊಬ್ಬರಾಗಿ ದನಿ ಕೂಡಿಸಿದರು.

ಚಿಗವ್ವ ಅಣ್ಣನನ್ನು ಸನ್ನೆ ಮಾಡಿ ಕರೆದಳು. ಅವನು ಕಿವಿಯನ್ನು ಅವಳ ಬಾಯಿಯ ಹತ್ತಿರ ಒಯ್ದ. ಪಕ್ಕದಲ್ಲೇ ಇದ್ದ ನನಗೂ ಕೇಳಿಸಿತು.

"ಇನ್ನ ಅದನ್ನ ಬಂದ್ ಮಾಡಪ್ಪಾ. ಹಾಡಾಕಿ ಬಂದಾಳ."

ಅಣ್ಣ ಎದ್ದು ಹೋಗಿ ಪೆನ್‌ಡ್ರೈವನ್ನು ತನ್ನ ಕೈಯಾರೆ ಕಿತ್ತ. ಹಾಡು ನಿಲ್ಲಲಿಲ್ಲ.